ಒಲಿ ಮ್ಯಾಲಿನ ಹಗ್ಗ

ಸ್ವಲ್ಪ ಉದ್ದ ಬರದೀನಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಈಗ ಮೊಬೈಲ್ ತೆಗೆದರೆ ಸಾಕು, ಚಹಾಪುಡಿ ಹೊಗೆಯಲ್ಲಿ ಬಾತುಕೋಳಿ ಹದ ಮಾಡೋ ವಿಡಿಯೋಗಳು ಬರ್ತಾವು. ಚೀನಾದ ಸಿಚುವಾನ್ ಪ್ರಾಂತ್ಯದ ಹೆಸರುವಾಸಿ ಅಡುಗೆ ಅದು. ಅಲ್ಲಿ ಅದಕ್ಕೆ ಜಾಂಗ್‌ಚಾ ಬಾತು ಅಂತಾರೆ. ಬಾತುಕೋಳಿಗೆ ಉಪ್ಪು, ಮಸಾಲೆ ಸವರಿ ನೆನೆಯಲು ಇಡೋದು, ಚಹಾ ಎಲೆ ಮತ್ತು ಕರ್ಪೂರದ ಮರದ ಹೊಗೆ ಕೊಡೋದು, ಆಮೇಲೆ ಹಬೆಯಲ್ಲಿ ಬೇಯಿಸಿ ಕೊನೆಗೆ ಎಣ್ಣೆಯಲ್ಲಿ ಕರಿಯೋದು. ಮನೆಯಲ್ಲಿ ಮಾಡೋರು ಕಬ್ಬಿಣದ ಬಾಣಲೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ಒಂದು ಹಿಡಿ ಚಹಾಪುಡಿ, ಒಂದು ಹಿಡಿ ಅಕ್ಕಿ, ಒಂದೆರಡು ಚಮಚೆ ಸಕ್ಕರೆ ಹಾಕ್ತಾರೆ. ಮೇಲೆ ಜಾಲರಿ ಇಟ್ಟು, ಅದರ ಮೇಲೆ ಮಾಂಸ ಇಟ್ಟು ಮುಚ್ಚಳ ಬಿಗಿಯಾಗಿ ಮುಚ್ಚಿಬಿಡ್ತಾರೆ. ಸಕ್ಕರೆ ಸುಟ್ಟು ಬಣ್ಣ ಕೊಡ್ತದೆ, ಚಹಾ ವಾಸನೆ ಕೊಡ್ತದೆ. 15-20 ನಿಮಿಷದ ಕೆಲಸ. ದೊಡ್ಡ ಹೋಟೆಲಿನ ಮೆನು ಕಾರ್ಡಿನಲ್ಲಿ ಒಂದು ಅಡುಗೆಯ ಹೆಸರಿನ ಮುಂದೆ 'ಸ್ಮೋಕ್ಡ್' ಅಂತ ಸೇರಿದರೆ ಅದರ ರೇಟೂ ಏರ್ತದೆ.

ಆ ಅಡುಗೆ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹೊಗೆಯಿಂದ ಮಾಂಸ ಕಾಪಾಡೋ ವಿದ್ಯೆ ನಮ್ಮ ಕೇರಿಗಳಲ್ಲೂ ಇತ್ತು. ಅಲ್ಲಿ ಅದು ಪಾಕಶಾಸ್ತ್ರ ಅನ್ನಿಸಿಕೊಂಡಿತು, ಇಲ್ಲಿ ಜಾತಿಯ ಗುರುತಾಯಿತು. ಯಾಕೆ ಹಾಗಾಯಿತು ಅನ್ನೋದನ್ನ ಹೇಳಬೇಕು ಅಂತಲೇ ಇದನ್ನ ಬರೀತಿದ್ದೀನಿ.

ನಮ್ಮ ಬೆಳವಣಕಿ ಎರಿ ಹೊಲಗಳ ಊರು. ರೋಣ ತಾಲ್ಲೂಕು ಅಂದ್ರೆ ಬಿಳಿಜೋಳ, ಕಡಲಿ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಬಾತುಕೋಳಿ ಸಾಕುವಷ್ಟು ನೀರು ಇಲ್ಲಿ ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಯಲ್ಲಿ ಬಾತು ನೋಡಬೇಕಂದ್ರೆ ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗಬೇಕು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳೀತಾವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಅವು ನೋಡಿ ಖುಷಿಪಡೋ ಹಕ್ಕಿಗಳು, ಹಿಡಿದರೆ ಜೈಲು. ನಮ್ಮ ಓಣಿಯ ಒಲಿ ಮ್ಯಾಲ ತೂಗಿದ್ದು ದನದ, ಎಮ್ಮೆಯ ಖಂಡ. ಹಿಂದಿನ ಕಾಲಕ್ಕಂತೂ ಬಹುತೇಕ ಸತ್ತ ದನದ್ದು. ಇದನ್ನ ಮುಚ್ಚಿಟ್ಟು ಇತಿಹಾಸ ಬರೆಯೋಕೆ ಆಗಲ್ಲ.

ನಮ್ಮ ಆಯಿ ಹೇಳಿದ ಕ್ರಮ ಹೀಗಿದೆ. ಖಂಡವನ್ನ ಎಳಿ ಹಿಡಿದು ಉದ್ದಕ್ಕೆ, ಬೆರಳಿಗಿಂತ ತೆಳ್ಳಗೆ ಸೀಳಬೇಕು. ನೆಣ ಬಿಡಿಸಿ ಬೇರೆ ಇಡಬೇಕು, ನೆಣ ಉಳಿದ ತುಣುಕು ಬೇಗ ಕಮಟು ಹಿಡೀತದೆ. ಅರಿಶಿಣ, ಉಪ್ಪು ಸವರಬೇಕು. ಉಪ್ಪಿಗೂ ರೊಕ್ಕ ಬೇಕಲ್ಲ, ಅದಕ್ಕೆ ಉಪ್ಪು ಕಡಿಮೆ, ಬಿಸಿಲು ಹೆಚ್ಚು. ಹಗ್ಗಕ್ಕೆ ಹಾಕಿ ಮೂರ್ನಾಲ್ಕು ದಿನ ಒಣಗಿಸೋದು. ಕಾಗಿ, ನಾಯಿ ಕಾಯಾಕ ಕೈಯಾಗ ಕೋಲು ಕೊಟ್ಟು ಒಂದು ಹುಡುಗನ್ನ ಕೂಡಿಸೋದು. ಮೋಡ ಕವಿದರೆ ಹಗ್ಗ ಒಳಗೆ ಬರೋದು, ಒಲಿಯ ನೇರಕ್ಕೆ ತೊಲಿಗೆ ಕಟ್ಟೋದು. ಕೆಳಗೆ ದಿನಾ ರೊಟ್ಟಿ ಬೇಯೋ ಒಲಿ. ಅದರಲ್ಲಿ ಉರಿಯೋದು ಕುಳ್ಳು, ಹತ್ತಿ ಕಟಗಿ, ತೊಗರಿ ಕಟಗಿ. ದಿನಾ ಎರಡು ಹೊತ್ತಿನ ಹೊಗೆ ತಾಕಿ ತಾಕಿ ಖಂಡ ಕಪ್ಪಾಗಿ ಕಟಗಿ ಹಂಗ ಆಗ್ತಿತ್ತು. ಆಮೇಲೆ ಗಡಿಗಿಯಲ್ಲಿ ತುಂಬಿ ಬಾಯಿಗೆ ಅರಿವಿ ಕಟ್ಟಿ ಇಡೋದು. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಒಂದು ಹಿಡಿ ತುಣುಕು ಕೆಂಡದ ಮ್ಯಾಲ ಸುಟ್ಟು, ಕುಟ್ಟಿ, ಬ್ಯಾಳಿಗೋ ಪುಂಡಿಪಲ್ಲೆಗೋ ಹಾಕಿ ಕುದಿಸಿದರೆ ಇಡೀ ಮನಿಗೆ ಸಾರು.

"ಬಿಸಲು ನೀರು ತೆಗಿತೈತಿ, ಹೊಗಿ ನೊಣ ಓಡಸ್ತೈತಿ" ಅಂತಿದ್ದಳು ಆಯಿ. ವಿಜ್ಞಾನವೂ ಇದನ್ನೇ ಹೇಳ್ತದೆ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. 4 ಕೆಜಿ ಒಣಗಿಸಿದರೆ ಹತ್ತಿರ ಹತ್ತಿರ 1 ಕೆಜಿ ಉಳೀತದೆ. ನೀರು ಹೋದಮೇಲೆ ಕೊಳೆಸೋ ಸೂಕ್ಷ್ಮಜೀವಿಗಳು ಬೆಳೆಯಲ್ಲ. ಹೊಗೆಯಲ್ಲಿರೋ ಫೀನಾಲ್‌ನಂಥ ರಾಸಾಯನಿಕಗಳು ಮಾಂಸದ ಮೇಲ್ಮೈಯಲ್ಲಿ ಕೂತು ಅವನ್ನ ಮತ್ತಷ್ಟು ತಡೀತಾವೆ, ನೆಣ ಕೆಡೋದನ್ನೂ ತಡ ಮಾಡ್ತಾವೆ. ಆಯಿ ಸಾಲಿ ಮುಖ ನೋಡಿರಲಿಲ್ಲ. ಈ ಲೆಕ್ಕ ಮಾತ್ರ ಆಕೆಯ ಕೈಯಲ್ಲಿತ್ತು.

ಒಣಗಿಸೋದು ಯಾಕೆ ಬೇಕಾಯ್ತು? ಒಂದು ಎತ್ತು ಬಿದ್ದರೆ ನೂರು ಕೆಜಿ ಆಸುಪಾಸು ಮಾಂಸ ಅಂತ ಹಿಡೀರಿ. ಓಣಿಯಲ್ಲಿ 20 ಮನೆ ಇದ್ದರೆ ಮನೆಗೆ 5 ಕೆಜಿ ಪಾಲು. ಚೈತ್ರ ವೈಶಾಖದ ಬಿಸಿಲಿಗೆ ಅದು ಒಂದು ದಿನವೂ ತಡೆಯಲ್ಲ. ಮುಂದಿನ ಎತ್ತು ಯಾವಾಗ ಬೀಳ್ತದೆ ಯಾರಿಗೂ ಗೊತ್ತಿಲ್ಲ. ಹೊಲ ಇರಲಿಲ್ಲ, ಸಂತಿಯಲ್ಲಿ ಖಂಡ ಕೊಳ್ಳೋ ರೊಕ್ಕ ಇರಲಿಲ್ಲ. ಒಂದೇ ದಿನ ಬಂದದ್ದನ್ನ ತಿಂಗಳುಗಟ್ಟಲೆ ಹಿಗ್ಗಿಸಬೇಕಿತ್ತು.

ಸತ್ತ ದನ ನಮ್ಮ ಪಾಲಿಗೆ ಬಂದದ್ದು ಇಷ್ಟಪಟ್ಟಲ್ಲ. ಒಕ್ಕಲ ಮನೆಯ ದನ ಸತ್ತರೆ ಎಳೆದು ಹಾಕೋದು ಕೇರಿಯವರ ಕಡ್ಡಾಯ ಕೆಲಸ. ತೊಗಲು ಹದಮಾಡಿ ಮಿಣಿ, ಬಾರುಕೋಲು, ಕೆರವು, ಕಪಲಿಯ ಬಾನಿ ಮಾಡಿಕೊಡಬೇಕಿತ್ತು. ಅದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯ ಅಂತ ಒಂದಿಷ್ಟು ಕಾಳು. ಹೋಗಲ್ಲ ಅಂದರೆ ಆಯವೂ ಇಲ್ಲ, ಊರ ಬಾಯಿಗೂ ಬೀಳಬೇಕು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಕಾಗದದಲ್ಲಿ ಹುದ್ದೆ ಹೋಯಿತು. ಊರಿನ ಮಾತಿನಲ್ಲಿ ಹೋಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಬರಗಾಲದ ಲೆಕ್ಕ ಇನ್ನೂ ಕ್ರೂರ. 1876-78ರ ದೊಡ್ಡ ಬರ ಧಾರವಾಡ, ಕಲಾದಗಿ ಸೀಮೆಯನ್ನ ಹಿಂಡಿಹಾಕಿತು. ಬರದಲ್ಲಿ ಮೇವಿಲ್ಲದೆ ದನ ಸಾಯ್ತಾವೆ, ಆಮೇಲೆ ಮನುಷ್ಯರು. ಕಾಳು ಇಲ್ಲದ ಕಾಲಕ್ಕೆ ಕೇರಿಗೆ ಸಿಗೋದು ಸತ್ತ ದನ ಒಂದೇ. ಹೊಗೆ ಕುಡಿದು ಒಣಗಿದ ಒಂದು ಗಡಿಗಿ ಖಂಡ ಅಂಥ ಹೊತ್ತಿನಲ್ಲಿ ಜೀವ ಉಳಿಸೋ ವಸ್ತು. ಆ ಬರ ಮುಗಿದು ಕೆಲವೇ ವರ್ಷಕ್ಕೆ, 1884ರಲ್ಲಿ, ಮುಂಬಯಿ ಇಲಾಖೆಯ ಗೆಜೆಟಿಯರಿನ ಧಾರವಾಡ ಸಂಪುಟ ಅಚ್ಚಾಯಿತು. ಆಗ ರೋಣ ಧಾರವಾಡ ಜಿಲ್ಲೆಯ ತಾಲ್ಲೂಕು. ಆ ಸಂಪುಟದಲ್ಲಿ ಒಂದೊಂದು ಜಾತಿಗೂ ಅದರ ಮನೆ, ಉಡುಪು, ಊಟ ಅಂತ ವಿವರಣೆ ಇದೆ. ಯಾರು ಏನು ತಿಂತಾರೆ ಅನ್ನೋದನ್ನ ಸರ್ಕಾರ ಜಾತಿಯ ಲಕ್ಷಣ ಅಂತ ಬರೆದಿಟ್ಟಿತು.

ಇಲ್ಲಿ ಬಾಬಾಸಾಹೇಬರ ಮಾತಿಗೆ ಬರಬೇಕು. 1927ರ ಮಾರ್ಚ್‌ನಲ್ಲಿ ಮಹಾಡದ ಸಮ್ಮೇಳನದಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಂಜಲು ಅನ್ನ ಬಿಡಿ, ಮಕ್ಕಳನ್ನ ಓದಿಸಿ ಅಂತ ಕರೆಕೊಟ್ಟರು. ಮರುವರ್ಷ ಅವರು ಕಟ್ಟಿದ ಶಿಕ್ಷಣ ಸಂಸ್ಥೆಯ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲೇ ನಡೆಯಿತು. ಆ ಕರೆ ನಮ್ಮ ಸೀಮೆಗೂ ಮುಟ್ಟಿತು. ಬಿಟ್ಟದ್ದು ಸರಿಯೇ. ಸತ್ತ ದನ ಯಾವ ರೋಗದಿಂದ ಸತ್ತಿದೆ ಯಾರು ಬಲ್ಲರು? ನೆರಡಿ ರೋಗದ, ಅಂದ್ರೆ ಆಂಥ್ರಾಕ್ಸ್‌ನ, ಬೀಜಾಣುಗಳು ಬಿಸಿಲಿಗೂ ಸಾಯಲ್ಲ, ಹೊಗೆಗೂ ಸಾಯಲ್ಲ. ಅದಕ್ಕಿಂತ ದೊಡ್ಡದು ಮಾನದ ಪ್ರಶ್ನೆ. ಬಿಟ್ಟಿ ಚಾಕರಿ ಬಿಡಬೇಕಂದ್ರೆ ಆ ಚಾಕರಿಯ ಕೂಲಿಯಾಗಿ ಬರೋ ಮಾಂಸವನ್ನೂ ಬಿಡಲೇಬೇಕಿತ್ತು.

ಆದರೆ ಅದೇ ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬರೆದಾಗ ಗೋಮಾಂಸ ತಿನ್ನೋರನ್ನ ಬೈಯಲಿಲ್ಲ. ಒಂದು ಕಾಲಕ್ಕೆ ಎಲ್ಲರೂ ತಿನ್ನುತ್ತಿದ್ದದ್ದನ್ನ ಬ್ರಾಹ್ಮಣರು ಬಿಟ್ಟರು, ದನವನ್ನ ಪವಿತ್ರ ಮಾಡಿದರು, ಬಿಡಲಾರದ ಬಡವರನ್ನ ಅಸ್ಪೃಶ್ಯರನ್ನಾಗಿ ಮಾಡಿದರು ಅಂತ ವಾದ ಕಟ್ಟಿದರು. ಅಂದ್ರೆ ತಪ್ಪು ಉಣ್ಣುವವನ ತಾಟಿನಲ್ಲಿ ಇಲ್ಲ, ತಾಟು ನೋಡಿ ಮನುಷ್ಯನನ್ನ ಅಳೆಯೋ ಕಣ್ಣಿನಲ್ಲಿದೆ. ನಮ್ಮ ಕೆಲವು ಕಾರ್ಯಕರ್ತರು ಮಹಾಡದ ಕರೆ ನೆನಪಿಡ್ತಾರೆ, 1948ರ ಪುಸ್ತಕ ಮರೀತಾರೆ. "ಅದನ್ನೆಲ್ಲ ಯಾಕ ಎತ್ತತೀರಿ ಅಣ್ಣಾ, ನಾಚಿಕಿ" ಅಂತಾರೆ. ಸತ್ತ ದನ ಬಿಟ್ಟದ್ದು ಹೋರಾಟ. ಖಂಡ ಒಣಗಿಸೋ ಕೈಯ ಬುದ್ಧಿಗೆ ನಾಚೋದು ಹೋರಾಟ ಅಲ್ಲ.

ಪಕ್ಕದ ಮರಾಠಿಯಲ್ಲಿ ಈ ಕೆಲಸ ಮುಂದೆ ಹೋಗಿದೆ. ಶಾಹು ಪಾಟೋಳೆ ಅವರು ಮರಾಠವಾಡದ ಮಹಾರ್ ಮತ್ತು ಮಾಂಗ್ ಕೇರಿಗಳ ಅಡುಗೆ ಬಗ್ಗೆ 2015ರಲ್ಲಿ ಪುಸ್ತಕ ತಂದರು, 2024ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಅವರ ಕಡೆ ಒಣಗಿಸಿದ ಖಂಡದ ತುಣುಕಿಗೆ ಚಾನ್ಯಾ ಅಂತಾರೆ. ನಮ್ಮದೇ ರಾಜ್ಯದ ಕೊಡಗಿನಲ್ಲಿ ಮಳೆಗಾಲಕ್ಕೆ ಅಂತ ಒಲೆ ಮೇಲೆ ಹೊಗೆಯಲ್ಲಿ ಒಣಗಿಸೋ ಮಾಂಸವನ್ನ ಮನೆತನದ ರುಚಿ ಅಂತ ಹೆಮ್ಮೆಯಿಂದ ಅತಿಥಿಗಳಿಗೆ ಬಡಿಸ್ತಾರೆ. ನಾಗಾಲ್ಯಾಂಡಿನ ಹೊಗೆ ಹಂದಿಮಾಂಸ ಬೆಂಗಳೂರಿನ ಹೋಟೆಲಿಗೂ ಬಂದಿದೆ. ಬಡಿಸಲಿ, ಸಂತೋಷ. ಹೊಗೆ ಅದೇ, ಹಗ್ಗ ಅದೇ. ರೋಣದ ಕೇರಿಯ ಖಂಡಕ್ಕೆ ಮಾತ್ರ ಯಾವ ಮೆನು ಕಾರ್ಡಿನಲ್ಲೂ ಹೆಸರಿಲ್ಲ.

ಇನ್ನು ಚಹಾಪುಡಿ ಮಾತು. ಚಹಾವನ್ನ ಹೊಗೆ ಹಾಕೋಕೆ ಸುಡೋ ಸಿರಿತನ ನಮ್ಮ ಮನೆಗಳಲ್ಲಿ ಇರಲಿಲ್ಲ. ಒಮ್ಮೆ ಕುದಿಸಿದ ಪುಡಿಯನ್ನೇ ಮತ್ತೊಮ್ಮೆ ಕುದಿಸ್ತಿದ್ದರು. ಚಹಾ ಈ ನಾಡಿನ ಹಳೇ ಕುಡಿಕೆಯೂ ಅಲ್ಲ. 1830ರ ದಶಕದಲ್ಲಿ ಬ್ರಿಟಿಷರು ಅಸ್ಸಾಮಿನಲ್ಲಿ ತೋಟ ಶುರುಮಾಡಿದರು, 1903ರಲ್ಲಿ ಚಹಾ ಸೆಸ್ ಹಾಕಿ ಆ ದುಡ್ಡಿನಲ್ಲಿ ಪ್ರಚಾರ ನಡೆಸಿದರು. ಹೊಸದಾಗಿ ಬಂದ ಕುಡಿಕೆಗೆ ಮಡಿ ಮೈಲಿಗೆಯ ಶಾಸ್ತ್ರ ಇರಬಾರದಿತ್ತು. ಆದರೆ ಹಳ್ಳಿ ಹೋಟೆಲಿಗೆ ಚಹಾ ಬಂದದ್ದೇ ತಡ, ನಮ್ಮವರಿಗೆ ಬೇರೆ ಕಪ್ಪು ಬಂತು. ಹೊರಗೆ ಇಟ್ಟಿರೋ ಕಪ್ಪು ತಾವೇ ತೊಗೊಂಡು, ಮೇಲಿನಿಂದ ಸುರುವಿಸಿಕೊಂಡು, ಕುಡಿದು, ತಾವೇ ತೊಳೆದು ಇಡಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇದನ್ನ ಶಿಕ್ಷಾರ್ಹ ಮಾಡಿತು. ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೂ ನಮ್ಮ ಅಪ್ಪ ಅಂಥ ಕಪ್ಪಿನಲ್ಲಿ ಕುಡಿದಿದ್ದಾನೆ.

ಇದೆಲ್ಲ ಹಳೇ ಕಥಿ ಅನ್ನೋರಿಗೆ ಇವತ್ತಿನ ಮಾತು ಹೇಳ್ತೀನಿ. ನಾನು ಆಫೀಸಿನಲ್ಲಿ ಕ್ಲರ್ಕು. ವರ್ಗ ಆದಾಗ ಬಾಡಿಗಿ ಮನಿ ಹುಡುಕಬೇಕು. ಬೀಗ ತೆಗೆಯೋ ಮೊದಲೇ ಬರೋ ಪ್ರಶ್ನೆ: "ನೀವು ಏನು ಊಟ ಮಾಡ್ತೀರಿ?" ಜಾತಿ ಕೇಳಿದರೆ ಕೇಸ್ ಆದೀತು, ಅದಕ್ಕೆ ಊಟ ಕೇಳ್ತಾರೆ. 1884ರ ಗೆಜೆಟಿಯರಿನ ಲೆಕ್ಕವೇ ಇದು.

ಕಾನೂನೂ ಬಿಗಿಯಾಗಿದೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳನ್ನ ಪ್ರಮಾಣಪತ್ರ ಪಡೆದು ಕಡಿಯೋಕೆ ಅವಕಾಶವಿತ್ತು. 2021ರಲ್ಲಿ ಜಾರಿಯಾದ ಹೊಸ ಕಾಯ್ದೆ ಎತ್ತನ್ನೂ ಪೂರ್ತಿ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಬಿಟ್ಟಿತು. ಶಿಕ್ಷೆ 3ರಿಂದ 7 ವರ್ಷ ಜೈಲು, ಮೊದಲ ಅಪರಾಧಕ್ಕೇ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಸತ್ತ ದನ ತಿನ್ನುವಂತೆ ಮಾಡಿ ಮೈಲಿಗೆ ಅಂದ ಸಮಾಜ, ಈಗ ರೊಕ್ಕ ಕೊಟ್ಟು ಆರೋಗ್ಯದ ಮಾಂಸ ತಿಂತೀನಿ ಅಂದ್ರೆ ಅಪರಾಧ ಅಂತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದರು. ಬಾಡೂಟ ಬೇಕು ಅಂತ ಜನ ಎದ್ದು ನಿಂತದ್ದು ಅದಕ್ಕೇ. ಬರೀ ಊಟದ ಆಸೆಗೆ ಎದ್ದ ಜಗಳ ಅಂತ ಅದನ್ನ ತಳ್ಳಿಹಾಕಬೇಡ್ರಿ.

ಈಗ ಕೇರಿಯ ಮನೆಗಳಲ್ಲಿ ಗ್ಯಾಸ್ ಬಂದಿದೆ. ಒಳ್ಳೆಯದೇ ಆಯಿತು. ಆ ಹೊಗೆ ಬರೀ ಖಂಡ ಒಣಗಿಸಲಿಲ್ಲ, ನಮ್ಮ ಅವ್ವಂದಿರ ಕಣ್ಣು, ಎದಿ ಎರಡನ್ನೂ ಸುಟ್ಟಿತು. ಹಳೇ ಒಲಿ ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ. ಎಲ್ಲರೂ ತಿನ್ನಬೇಕು ಅಂತಲೂ ಅಲ್ಲ. ತಿನ್ನೋದು ಬಿಡೋದು ನಿಮ್ಮ ನಿಮ್ಮ ಇಷ್ಟ. ಆದರೆ ಒಲಿ ಹೋದಮೇಲೆ ತೊಲಿಯ ಹಗ್ಗ ಹೋಯಿತು. ಹಗ್ಗದ ಹಿಂದೆ ಮಾತುಗಳೂ ಹೋಗ್ತಿದ್ದಾವೆ. ಯಾವ ಭಾಗದ ಖಂಡಕ್ಕೆ ಏನಂತಿದ್ದರು, ಪಾಲು ಹೆಂಗ ಹಾಕ್ತಿದ್ದರು, ಗಂಡಸರಿಲ್ಲದ ಮನಿಗೆ ಎಷ್ಟು ಕೊಡ್ತಿದ್ದರು, ಬಾಣಂತಿಗೆ ಯಾವ ತುಣುಕು ಎತ್ತಿಡ್ತಿದ್ದರು, ಇದನ್ನ ಹೇಳಬಲ್ಲ ಆಯಿ ಮುತ್ಯಾ ಒಂದೊಂದು ಓಣಿಯಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ.

ನನ್ನದೊಂದೇ ವಿನಂತಿ. ರೋಣ, ನರಗುಂದ, ಗಜೇಂದ್ರಗಡ ಕಡೆಯ ಹುಡುಗ ಹುಡುಗಿಯರು ಈ ಭಾನುವಾರ ನಿಮ್ಮ ಓಣಿಯ ಹಿರಿಯರ ಹತ್ತಿರ ಕೂಡ್ರಿ. ಮೊಬೈಲಿನಲ್ಲಿ ಅವರ ದನಿ ರೆಕಾರ್ಡ್ ಮಾಡ್ರಿ. ಅವರು ಬಳಸಿದ ಶಬ್ದ ತಿದ್ದಬೇಡ್ರಿ, ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡ್ರಿ. ಅವರು "ಅದೆಲ್ಲ ಯಾಕ ಮಗಾ" ಅಂದರೆ, ಹಸಿವಿನಲ್ಲಿ ನಮ್ಮನ್ನ ಬದುಕಿಸಿದ ವಿದ್ಯೆ ಅದು, ನಮಗೂ ಗೊತ್ತಿರಬೇಕು ಅಂತ ಹೇಳ್ರಿ. ಬೇರೆಯವರು ನಮ್ಮ ಬಗ್ಗೆ ಬರೆದದ್ದು ಸಾಕಷ್ಟಿದೆ. ಇದನ್ನ ನಾವೇ ಬರೆಯೋಣ.

ಜೈಭೀಮ್.