ಮಕ್ಕಳು, ಯುವಜನರ ಕೈಗೆ ಬಂದೂಕು ಸಿಗದಂತೆ ತಡೆಯುವುದು ಹೇಗೆ?

ವಾರಾಣಸಿಯ ಹನುಮಾನ್ ಘಾಟ್ ಸುತ್ತಮುತ್ತ ದಕ್ಷಿಣ ಭಾರತದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕಾಶಿಯಾತ್ರೆಗೆ ಹೋಗುವ ಕನ್ನಡಿಗರಿಗೂ ಇದು ಪರಿಚಿತ ಜಾಗ. ಉತ್ತರ ಪ್ರದೇಶದಲ್ಲಿ ಮದುವೆ ದಿಬ್ಬಣಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವ ರೂಢಿಯಿದೆ. ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ಆ ರಾಜ್ಯವೊಂದರಲ್ಲೇ ಸುಮಾರು 12.77 ಲಕ್ಷ ಬಂದೂಕು ಪರವಾನಗಿಗಳಿದ್ದವು. ಮನೆಯಲ್ಲಿ ಮಕ್ಕಳು, ಹದಿಹರೆಯದವರು ಅಥವಾ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಬಂದೂಕು ಆರೋಗ್ಯದ ವಿಷಯವೂ ಹೌದು.

ಕಾನೂನು ಏನು ಹೇಳುತ್ತದೆ?

• ವಯಸ್ಸು: 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 21 ವರ್ಷ ತುಂಬದವರು ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅಂಥವರಿಗೆ ಮಾರುವುದೂ ತಪ್ಪು. ಗುರಿ ಹೊಡೆಯುವ ಕ್ರೀಡೆಯ ತರಬೇತಿಗೆ ಮಾತ್ರ ನಿಯಮಬದ್ಧ ವಿನಾಯಿತಿ ಇದೆ.

• ಆರೋಗ್ಯ: 2016ರ ನಿಯಮಗಳಂತೆ ಪರವಾನಗಿ ಕೇಳುವವರು ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಮದ್ಯ, ಮಾದಕ ವಸ್ತುಗಳ ಚಟದ ಬಗ್ಗೆಯೂ ಅದರಲ್ಲಿ ಹೇಳಬೇಕು.

• ಸಂಖ್ಯೆ: ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ಕೊನೆಗೆ ಎರಡಕ್ಕೆ ನಿಂತಿತು.

• ಸಂಭ್ರಮದ ಗುಂಡು: ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಪರವಾನಗಿಯಿಲ್ಲದ ನಾಡ ಬಂದೂಕುಗಳಿಗೆ ಈ ತಪಾಸಣೆ ಯಾವುದೂ ತಾಗುವುದಿಲ್ಲ. ಉತ್ತರ ಪ್ರದೇಶದ ಪ್ರಕರಣವೊಂದರ ವಿಚಾರಣೆಯಲ್ಲಿ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು.

ಕೊಡಗಿನ ಮಾತು ಬೇರೆಯೇ?

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಬಂದೂಕು ಮನೆತನದ ಗೌರವ, ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಯ ವಸ್ತು. ಆದರೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಬೀಗ ಬೇಡವೆಂದಲ್ಲ. ಸರ್ಕಾರಿ ತಪಾಸಣೆ ಕಡಿಮೆ ಇರುವಲ್ಲಿ ಮನೆಯವರ ಎಚ್ಚರಿಕೆ ಹೆಚ್ಚಬೇಕು.

ಬೀಗ ಹಾಕುವುದರಿಂದ ಏನು ಪ್ರಯೋಜನ?

ಆತ್ಮಹತ್ಯೆಯ ಯೋಚನೆ ಹಲವರಲ್ಲಿ ಅಲೆಯಂತೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಮಾರಕ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಇಂಥ ವಸ್ತುಗಳನ್ನು ದೂರವಿಡುವುದನ್ನು ಆತ್ಮಹತ್ಯೆ ತಡೆಯ ಮುಖ್ಯ ಕ್ರಮವೆಂದು ಹೇಳುತ್ತದೆ. ಪುಟ್ಟ ಮಕ್ಕಳ ವಿಷಯದಲ್ಲಿ ಕುತೂಹಲವೇ ಅಪಾಯ. “ಮುಟ್ಟಬೇಡ” ಎಂದು ಹೇಳಿದರೆ ಸಾಲದು.

ಮನೆಯವರು ಏನು ಮಾಡಬೇಕು?

• ಬಂದೂಕಿನಿಂದ ಗುಂಡು ತೆಗೆದು ಬೀಗ ಹಾಕಿಡಿ. ಗುಂಡುಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿಡಿ.
• ಬೀಗದಕೈ ಎಲ್ಲಿದೆ ಎಂಬುದು ಮಕ್ಕಳಿಗೆ ತಿಳಿಯದಿರಲಿ.
• ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ವಿಪರೀತ ಕುಡಿಯುತ್ತಿದ್ದರೆ ಅಥವಾ ಸಾಯುವ ಮಾತಾಡಿದರೆ ಬಂದೂಕನ್ನು ಮನೆಯಿಂದ ಹೊರಗಿಡಿ. ಪರವಾನಗಿದಾರರು ಅದನ್ನು ಪೊಲೀಸ್ ಠಾಣೆ ಅಥವಾ ಪರವಾನಗಿಯುಳ್ಳ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಬಹುದು. ಪರವಾನಗಿ ಇಲ್ಲದವರು ತಾವೇ ಸಾಗಿಸದೆ ಪೊಲೀಸರ ನೆರವು ಕೇಳಿ.
• ಮನೆಯಲ್ಲಿ ಬಂದೂಕು ಇದೆಯೆಂದು ವೈದ್ಯರಿಗೆ ತಿಳಿಸಿ. ಅವರು ಕೇಳದಿದ್ದರೂ ಹೇಳಿ.
• ದಿಬ್ಬಣದಲ್ಲಿ ಗುಂಡು ಹಾರಿಸಲು ಶುರು ಮಾಡಿದರೆ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿ, 112ಕ್ಕೆ ಕರೆ ಮಾಡಿ. ಮೇಲಕ್ಕೆ ಹಾರಿಸಿದ ಗುಂಡು ಕೆಳಗೆ ಬಿದ್ದಾಗಲೂ ಗಾಯ ಮಾಡಬಲ್ಲದು.

ಗುಂಡು ತಗುಲಿದರೆ

ಮೊದಲು ನೀವಿರುವ ಜಾಗ ಸುರಕ್ಷಿತವೇ ನೋಡಿಕೊಂಡು 108 ಅಥವಾ 112ಕ್ಕೆ ಕರೆ ಮಾಡಿ. ರಕ್ತ ಸೋರುವ ಕಡೆ ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒಳಹೊಕ್ಕ ಗುಂಡನ್ನು ತೆಗೆಯಲು ಹೋಗಬೇಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ.

ಯಾರೊಂದಿಗೆ ಮಾತಾಡಬಹುದು?

ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ನೆರವಿಗೆ 1098. ಮನೆಯವರೇ ಮೊದಲು ಕರೆ ಮಾಡಿ ಸಲಹೆ ಕೇಳಿದರೂ ಸರಿಯೇ.