ಬಾದಾಮಿಯ ಮರಳುಗಲ್ಲು: ಛಾಯಾಗ್ರಹಣದ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನೂ, ಶಿಲೆಯ ನೆಟ್ಟನೆಯ ಬಿರುಕುಗಳು ಮಳೆಗಾಳಿಗಳಿಂದ ಸವೆದು ಅಗಲವಾಗಿ ಉಂಟಾದ ಇಕ್ಕಟ್ಟಾದ ಕಂದರಗಳನ್ನೂ ಚಿತ್ರಿಸಿದ ಪರಂಪರೆಯು ದೇವಾಲಯಗಳ ಛಾಯಾಗ್ರಹಣದ ಆಶ್ರಯದಲ್ಲಿ ಬೆಳೆದುದು. 578ರ ಮಂಗಳೇಶನ ಶಾಸನವುಳ್ಳ ಗುಹಾಲಯವೇ ಮೊದಲಾದ ಚಾಲುಕ್ಯ ಕೃತಿಗಳು ಸುಪರಿಚಿತವಾದುದರಿಂದ ಇಲ್ಲಿ ಅವುಗಳ ವಿಸ್ತರಣೆಯಿಲ್ಲ.

ಆದ್ಯ ಚಿತ್ರಗಳು: ಮುಂಬಯಿ ಸರ್ಕಾರವು 1855ರಲ್ಲಿ ಪ್ರಾಚೀನ ಸ್ಮಾರಕಗಳ ಚಿತ್ರಣಕ್ಕೆ ಫಿರಂಗಿದಳದ ಥಾಮಸ್ ಬಿಗ್ಸ್‌ನನ್ನು ನೇಮಿಸಿತು, ಅವನು ಸೇನೆಗೆ ಮರಳಿದ ಮೇಲೆ ವೈದ್ಯನಾದ ಪಿಗೂ ಆ ಸ್ಥಾನಕ್ಕೆ ಬಂದನು. ಇವರಿಬ್ಬರ ಮತ್ತು ನೀಲ್ ಎಂಬವನ ಚಿತ್ರಗಳನ್ನು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ ಜಾನ್ ಮರ್ರೆ ಸಂಸ್ಥೆಯು 1866ರಲ್ಲಿ ಲಂಡನ್ನಿನಿಂದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಹೊರತಂದಿತು. ತೊಡಕು ಹುಟ್ಟುವುದು ಇಲ್ಲಿಯೇ. ಶೀರ್ಷಿಕೆಪುಟವು ಮೂವರನ್ನೂ ಒಟ್ಟಿಗೆ ಹೆಸರಿಸುವುದರಿಂದ, ಅದೊಂದನ್ನೇ ನಂಬಿ ಯಾವುದೇ ಚಿತ್ರವನ್ನು ಒಬ್ಬನಿಗೆ ಆರೋಪಿಸಲಾಗದು. 1866 ಪ್ರಕಟಣೆಯ ವರ್ಷವೇ ಹೊರತು ಚಿತ್ರ ತೆಗೆದ ವರ್ಷವಲ್ಲ, ಪಿಗೂ ಆ ವೇಳೆಗಾಗಲೇ ದಿವಂಗತನಾಗಿದ್ದನು. ಬಂಡೆಯ ಸವೆತವನ್ನು ಹಳೆಯ ಚಿತ್ರದೊಡನೆ ಹೋಲಿಸಿ ಅಳೆಯುವವರಿಗೆ ಈ ಅಂತರವು ಅಲಕ್ಷಿಸತಕ್ಕದ್ದಲ್ಲ.

ಬಣ್ಣದ ಸಮಸ್ಯೆ: ಬಿಗ್ಸ್ ಬಳಸಿದ ಕಾಗದದ ನೆಗೆಟಿವ್‌ನ ಬೆಳ್ಳಿಯ ಲವಣಗಳು ನೀಲ ಕಿರಣಗಳಿಗೆ ಒಲಿದು ಕೆಂಪಿಗೆ ಕುರುಡಾಗಿದ್ದುವಾದುದರಿಂದ, ಆಕಾಶವು ಬರಿಯ ಬಿಳುಪಾಗಿಯೂ ಕೆಂಬಂಡೆಯು ಅದರ ಪದರಗಳ ಭೇದವೇ ತೋರದಷ್ಟು ಕಪ್ಪಾಗಿಯೂ ಮೂಡುತ್ತಿದ್ದುವು. ಸರ್ವವರ್ಣಗ್ರಾಹಿ ಫಲಕಗಳು 1906ರಲ್ಲಿ ಮಾರುಕಟ್ಟೆಗೆ ಬಂದುವು. ಸ್ಥಿರಚಿತ್ರಗಳಿಗೆ ಕೊಡಕ್ರೋಮ್ ಎಂಬ ಬಣ್ಣದ ಫಿಲ್ಮ್ 1936ರಲ್ಲಿ ದೊರೆಯಿತು. ಈ ಪರಂಪರೆಯ ನಿಜವಾದ ತಿರುವು ಇದೇ: ಬಣ್ಣವು ಕೈಗೆ ಬಂದ ಮೇಲೆಯೇ ಹಿನ್ನೆಲೆಯಾಗಿದ್ದ ಶಿಲೆಯು ತಾನೇ ವಿಷಯವಾಗಬಲ್ಲುದಾಯಿತು.

ಸರ್ವೇಕ್ಷಣೆಗಳು: ಪುರಾತತ್ತ್ವಜ್ಞನಾದ ಬರ್ಜೆಸ್‌ನ 1874ರ ವರದಿಯೂ ಹೆನ್ರಿ ಕಸಿನ್ಸ್‌ನ 1926ರ ಗ್ರಂಥವೂ ಸ್ಮಾರಕಗಳನ್ನೇ ಲಕ್ಷಿಸಿದುವು. ಬಂಡೆಯ ಅಧ್ಯಯನವು ರಾಬರ್ಟ್ ಬ್ರೂಸ್ ಫೂಟ್‌ನ 1876ರ ಭೂವೈಜ್ಞಾನಿಕ ಪ್ರಬಂಧದಲ್ಲಿ ಬೇರೆಯಾಗಿಯೇ ನಡೆಯಿತು.

ಕಂದರಗಳ ಬೆಳಕು: ಮೇಲಣ ಶಿವಾಲಯಕ್ಕೆ ಏರುವ ಮೆಟ್ಟಿಲುಗಳು ಎತ್ತರದ ಎರಡು ಗೋಡೆಗಳ ನಡುವೆ ಸಾಗುತ್ತವೆ. ಬಿಸಿಲು ಒಂದು ಗೋಡೆಯ ನೆತ್ತಿಗೆ ತಾಗಿ ಎದುರುಗೋಡೆಗೆ ಪ್ರತಿಫಲಿಸಿದಾಗ ನೆರಳಿನ ಭಾಗವೂ ಕೆಂಪೇರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಪ್ರಾಚೀನ ಜಲಪ್ರವಾಹವು ಹಾಸಿದ ಅಡ್ಡಪದರಗಳು ಗೆರೆಗೆರೆಯಾಗಿ ಎದ್ದು ತೋರುತ್ತವೆ. ಅಮೆರಿಕದ ಆಂಟೆಲೋಪ್ ಕಂದರದ ಸುಪ್ರಸಿದ್ಧ ಚಿತ್ರಗಳ ಮರ್ಮವೂ ಈ ಪ್ರತಿಫಲನವೇ. ಬಾದಾಮಿಗೆ ಸಮೀಪದ ಸಿಡಿಲಫಡಿಯ ನೈಸರ್ಗಿಕ ಕಮಾನು, ಪ್ರಾಗೈತಿಹಾಸಿಕ ವರ್ಣಚಿತ್ರಗಳನ್ನೂ ಧರಿಸಿರುವುದರಿಂದ, ಶಿಲೆಯನ್ನೂ ಮಾನವನ ಕೈವಾಡವನ್ನೂ ಒಂದೇ ಚೌಕಟ್ಟಿನಲ್ಲಿ ದಾಖಲಿಸಲು ಅವಕಾಶವೀಯುತ್ತದೆ. ಇಂಥ ಚಿತ್ರಗಳಿಗೆ ದಿನಾಂಕ, ವೇಳೆ, ನಿಂತ ನೆಲೆ, ನೋಡಿದ ದಿಕ್ಕು ಇವನ್ನು ತಪ್ಪದೆ ನಮೂದಿಸುವುದು ಅತ್ಯವಶ್ಯಕ. ಅವಿದ್ದರೆ ಮಾತ್ರವೇ ಚಿತ್ರವು ಬಂಡೆಯ ಚರಿತ್ರೆಗೆ ಸಾಕ್ಷ್ಯವಾದೀತು.