ಪಿಯಾನೋ ಬರದ ಊರಿಗೆ ಪೇಟಿ ಬಂದ ಕಥೆ

ಸಿಂಧನೂರು, ಲಿಂಗಸುಗೂರು, ಮಸ್ಕಿ. ಈ ಮೂರು ಊರಲ್ಲಿ ಪಿಯಾನೋ ಇರುವ ಮನೆ ಹುಡುಕುತ್ತಾ ಹೊರಟರೆ ಚಪ್ಪಲಿ ಸವೆದಾವೇ ಹೊರತು ಪಿಯಾನೋ ಸಿಗಲಿಕ್ಕಿಲ್ಲ. ಅಕ್ಕಿ ಗಿರಣಿ ಕೇಳಿ, ಬೇಕಾದಷ್ಟಿವೆ. ಚಿನ್ನದ ಗಣಿ ಕೇಳಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿದೆ. ಅಶೋಕನ ಶಾಸನ ಕೇಳಿ, ಮಸ್ಕಿಯಲ್ಲಿದೆ. 1915ರಲ್ಲಿ ಅದನ್ನು ಕಂಡುಹಿಡಿದ ಬೀಡನ್ ಸಾಹೇಬನೂ ಚಿನ್ನದ ಗಣಿಯ ಎಂಜಿನಿಯರೇ. ಪಿಯಾನೋ ಮಾತ್ರ ಕೇಳಬೇಡಿ.

ಹಾಗಂತ ಕರಿ ಮನೆ, ಬಿಳಿ ಮನೆಗಳ ಮೇಲೆ ಬೆರಳಾಡಿಸುವ ಆಸೆ ನಮ್ಮ ಕಡೆಯವರಿಗೆ ಇರಲಿಲ್ಲ ಅಂತಲ್ಲ. ಆ ಆಸೆ ಬೇರೆ ದಾರಿ ಹಿಡಿಯಿತು. ಹಳೇ ಮನೆಗಳ ಅಟ್ಟ ಹತ್ತಿ ನೋಡಿ. ಜೋಳದ ವಾಡೆಯ ಹಿಂದೆ, ತೊಟ್ಟಿಲ ಪಕ್ಕದಲ್ಲಿ, ದೂಳು ತಿನ್ನುತ್ತಾ ಒಂದು ಮರದ ಪೆಟ್ಟಿಗೆ ಸಿಕ್ಕರೂ ಸಿಕ್ಕೀತು. ಕೆಳಗೆ ಮಡಚುವ ಕಾಲು, ಎರಡು ಪೆಡಲು. ಅದೇ ಕಾಲಿನ ಹಾರ್ಮೋನಿಯಂ. ನಾಟಕದವರು ಲೆಗ್ ಹಾರ್ಮೋನಿಯಂ ಅಂತಾರೆ, ನಮ್ಮ ಮುತ್ಯಾ ಬರೀ 'ಪೇಟಿ' ಅಂತಿದ್ದರು. ನಾನು ಇವತ್ತು ಬರೆಯಬೇಕೆಂದಿರುವುದು ಈ ಪೇಟಿಯ ಬಗ್ಗೆ. ಆದರೆ ಅದಕ್ಕೂ ಮೊದಲು, ಪಿಯಾನೋ ಯಾಕೆ ಬರಲಿಲ್ಲ ಅನ್ನೋದನ್ನ ಸ್ವಲ್ಪ ನೋಡಿಬಿಡೋಣ.

ಪಿಯಾನೋ ಅಂದರೆ ವಾದ್ಯಕ್ಕಿಂತ ಹೆಚ್ಚಾಗಿ ಒಂದು ಕಾರ್ಖಾನೆ ಕಣ್ರೀ. 1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ ಎಂಬಾತ ಮಾಡಿದ್ದು ಹಗುರಾಗಿಯೇ ಇತ್ತು. ಆದರೆ ಮುಂದೆ ಅದು ಬೆಳೆದು 88 ಮನೆ, ಇನ್ನೂರಕ್ಕೂ ಹೆಚ್ಚು ತಂತಿ, ಆ ತಂತಿಗಳೆಲ್ಲ ಸೇರಿ ಎಳೆಯುವ ಸುಮಾರು 18ರಿಂದ 20 ಟನ್ ಬಿಗಿತ, ಅದನ್ನು ತಡೆಯಲಿಕ್ಕೆ ಎರಕದ ಕಬ್ಬಿಣದ ಚೌಕಟ್ಟು, ಇಷ್ಟೆಲ್ಲ ಆಯಿತು. ಗೋಡೆಗೆ ಒರಗಿಸಿಡುವ ಸಾಧಾರಣ ಪಿಯಾನೋನೇ ಎರಡು ಕ್ವಿಂಟಲ್ ದಾಟುತ್ತದೆ. ಅಂದರೆ ಎರಡು ಮೂಟೆ ಜೋಳ ಹೊತ್ತ ಹಾಗಲ್ಲ, ಎರಡು ಮೂಟೆ ಜೋಳವನ್ನು ಒಂದು ಕಾಳೂ ಅಲುಗದಂತೆ ಹೊತ್ತ ಹಾಗೆ. ಮೇಲೆ ವರ್ಷಕ್ಕೊಮ್ಮೆಯಾದರೂ ಶ್ರುತಿ ಮಾಡುವವನು ಬರಬೇಕು. ನಮ್ಮ ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತಲ್ಲ, ಬೇಸಿಗೆಯಲ್ಲಿ ಬಾಗಿಲ ಹಲಗೆಗಳೇ ಬಿರಿಯುತ್ತವೆ. ಇನ್ನು ಅಂಟಿನಿಂದ ಕೂಡಿಸಿದ ಪಿಯಾನೋ ಗತಿ? ಬ್ರಿಟಿಷರ ಕಾಲದಲ್ಲಿ ಭಾರತಕ್ಕೆಂದೇ ಅಂಟಿನ ಜೊತೆ ಹಿತ್ತಾಳೆ ಸ್ಕ್ರೂ ಹೊಡೆದ ಪಿಯಾನೋಗಳನ್ನು ಮಾಡಿ ಕಳಿಸುತ್ತಿದ್ದರು. ಗೆದ್ದಲಿಗೆ ಮಾತ್ರ ಸ್ಕ್ರೂ ಲೆಕ್ಕಕ್ಕಿಲ್ಲ.

ಪಿಯಾನೋ ಮಾರುವವರು ಇದ್ದದ್ದು ಬಂದರು ಪಟ್ಟಣಗಳಲ್ಲಿ. ಮದ್ರಾಸಿನಲ್ಲಿ 1842ರಲ್ಲೇ ಮಿಸ್ಕ್ವಿತ್ ಕಂಪನಿ ಶುರುವಾಗಿತ್ತು, ಅದೇ ಈಗಿನ ಮ್ಯೂಸಿ ಮ್ಯೂಸಿಕಲ್. ಮುಂಬೈಯಲ್ಲಿ 1865ರಲ್ಲಿ ಫುರ್ಟಾಡೋಸ್ ಬಂತು. ಮಜಾ ಅಂದರೆ 1871ರಲ್ಲಿ ಮುಂಬೈ ಕಡೆಯ ರೈಲು ಹಳಿ ಮತ್ತು ಮದ್ರಾಸು ಕಡೆಯ ಹಳಿ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲೇ! ಎರಡೂ ಅಂಗಡಿಗಳಿಗೆ ನಮ್ಮ ಜಿಲ್ಲೆಯಿಂದ ನೇರ ರೈಲು. ಆದರೆ ರಾಯಚೂರು ಸ್ಟೇಶನ್ನಿನಿಂದ ಲಿಂಗಸುಗೂರಿಗೋ ಸಿಂಧನೂರಿಗೋ ಇನ್ನೂ ಎಂಬತ್ತು ತೊಂಬತ್ತು ಕಿಲೋಮೀಟರ್ ಬಂಡಿ ದಾರಿ, ನಡುವೆ ಹಳ್ಳ ಬೇರೆ. ಲಿಂಗಸುಗೂರು ಸಣ್ಣ ಊರೇನಲ್ಲ, ಒಂದು ಕಾಲಕ್ಕೆ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ದಂಡು ಬೀಡುಬಿಟ್ಟಿದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಅಂಥ ಊರಿಗೇ ಇವತ್ತಿಗೂ ರೈಲಿಲ್ಲ. ಸಿಂಧನೂರಿಗೆ ಬಂದದ್ದು 2024ರಲ್ಲಿ. ಪಿಯಾನೋ ಎಲ್ಲಿಂದ ಬರಬೇಕು ಹೇಳಿ.

ಕರ್ನಾಟಕದಲ್ಲಿ ಪಿಯಾನೋ ಚೆನ್ನಾಗಿ ಬದುಕಿದ್ದು ಮೈಸೂರು ಅರಮನೆಯಲ್ಲಿ. ವೀಣೆ ಶೇಷಣ್ಣನವರು (1852-1926) ವೀಣೆಯ ಜೊತೆಗೆ ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರಂತೂ ಪಿಯಾನೋದಲ್ಲಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿದ್ದಾಗ ಅವನ ಸಂಗೀತವನ್ನು ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ಇವರೇ, ಅವನು ತನ್ನ ಮೂರನೇ ಪಿಯಾನೋ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ದೊಡ್ಡ ಕಥೆಯೇ. ಆದರೆ ಅದು ಅರಮನೆಯ ಕಥೆ. ನಮ್ಮದು ಆಗ ನಿಜಾಮರ ಸೀಮೆ, ಮೈಸೂರಿಗೂ ನಮಗೂ ಏನೂ ಸಂಬಂಧ ಇಲ್ಲ. 1956ರ ನವೆಂಬರ್ 1ರ ತನಕ ಹೈದರಾಬಾದೇ ನಮ್ಮ ರಾಜಧಾನಿ.

ಈಗ ಪೇಟಿಗೆ ಬರೋಣ.

ಹಾರ್ಮೋನಿಯಂ ಕೂಡ ಹುಟ್ಟಿದ್ದು ಯುರೋಪಿನಲ್ಲೇ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ದೆಬೆಂ ಅನ್ನೋನು ಆ ಹೆಸರಿಟ್ಟು ಪೇಟೆಂಟ್ ಮಾಡಿಸಿದ. ತಂತಿ ಇಲ್ಲ, ಸುತ್ತಿಗೆ ಇಲ್ಲ. ತಿದಿಯಿಂದ ಗಾಳಿ, ಗಾಳಿಗೆ ಅದುರುವ ಹಿತ್ತಾಳೆ ರೀಡು, ಅಷ್ಟೇ. ಹಾಗಾಗಿ ಬಿಸಿಲು ಮಳೆಗೆ ಪಿಯಾನೋದಷ್ಟು ಬೇಗ ಶ್ರುತಿ ಕೆಡುವುದಿಲ್ಲ. ಅಲ್ಲೆಲ್ಲ ಕುರ್ಚಿ ಮೇಲೆ ಕೂತು ಕಾಲಿನಿಂದ ಒತ್ತುವ ಪೆಟ್ಟಿಗೆ. ನೆಲದ ಮೇಲೆ ಕೂರುವ ನಮಗಾಗಿ ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆ ಮಾಡಿದ್ದು ಕಲ್ಕತ್ತಾದ ದ್ವಾರಕಾನಾಥ ಘೋಷ್, 1875ರಲ್ಲಿ. ಅವರ ಅಂಗಡಿ ಹೆಸರು ಡ್ವಾರ್ಕಿನ್. ದ್ವಾರಕಾ ಮತ್ತು ಲಂಡನ್ನಿನ ಡಾಕಿನ್ಸ್ ಎರಡನ್ನೂ ಕೂಡಿಸಿ ಕಟ್ಟಿದ ಹೆಸರಂತೆ.

ಕಲ್ಕತ್ತಾದ ಪೆಟ್ಟಿಗೆ ನಮ್ಮ ಕಡೆ ಬಂದದ್ದು ಸಂಗೀತ ಶಾಲೆಯಿಂದಲ್ಲ, ನಾಟಕದಿಂದ. 1880ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರರ ಸಂಗೀತ ನಾಟಕ ಶುರುವಾಯಿತಲ್ಲ, ಅದರ ಗಾಳಿ ಹುಬ್ಬಳ್ಳಿ, ಧಾರವಾಡ, ಗದಗ ದಾಟಿ ಬೀಸಿತು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳು ಊರೂರು ತಿರುಗಿದವು. ಮೈಕು ಇಲ್ಲದ ಕಾಲ. ತಗಡಿನ ಥೇಟರಿನಲ್ಲಿ ಸಾವಿರ ಜನ ಕೂತಿದ್ದರೆ ಕೊನೇ ಸಾಲಿನವನಿಗೂ ಸ್ವರ ಮುಟ್ಟಬೇಕು. ಅದಕ್ಕೆ ಲೆಗ್ ಹಾರ್ಮೋನಿಯಂ. ಕಾಲು ತಿದಿ ಒತ್ತುತ್ತದೆ, ಎರಡೂ ಕೈ ಬಿಡುವು. ಪೇಟಿ ಮಾಸ್ತರ ರಂಗದ ಮುಂದೆ ಕೂತರೆ ನಾಟಕದ ಲಗಾಮು ಅವನ ಕೈಯಲ್ಲೇ. ಪಾತ್ರಧಾರಿ ಮಾತು ಮರೆತರೆ ಒಂದು ಸುತ್ತು ಹೆಚ್ಚು ನುಡಿಸಿ ಉಳಿಸುತ್ತಿದ್ದವನೂ ಅವನೇ.

ಈ ಮಾಸ್ತರರನ್ನು ತಯಾರು ಮಾಡಿದ್ದರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಾಲು ದೊಡ್ಡದು. ಪಂಚಾಕ್ಷರಿ ಗವಾಯಿಗಳು (1892-1944), ಆಮೇಲೆ ಪುಟ್ಟರಾಜ ಗವಾಯಿಗಳು (1914-2010), ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆಶ್ರಮದ್ದೇ ನಾಟಕ ಕಂಪನಿಯೂ ಇತ್ತು. ಅಲ್ಲಿ ಕಲಿತವರು ಕಂಪನಿಗಳಲ್ಲಿ, ಮಠಗಳಲ್ಲಿ, ಶಾಲೆಗಳಲ್ಲಿ ಚದುರಿಕೊಂಡರು. ನಮ್ಮ ಭಾಗದಲ್ಲಿ ಮನೆಗೆ ಬಂದು ಪಾಠ ಹೇಳುತ್ತಿದ್ದ ಮಾಸ್ತರರ ಗುರು ಯಾರು ಅಂತ ಕೇಳುತ್ತಾ ಹೋದರೆ ಬಹಳ ಸಲ ಗದಗಿಗೇ ಹೋಗಿ ಮುಟ್ಟುತ್ತದೆ.

ಪಾಠ ಅಂದರೆ ಪುಸ್ತಕ ಗಿಸ್ತಕ ಏನಿಲ್ಲ. 'ಕರಿ ಎರಡು', 'ಬಿಳಿ ನಾಲ್ಕು', ಇದೇ ಭಾಷೆ. ಹಾಡುವವನ ದನಿ ಯಾವ ಮನೆಗೆ ಕೂರುತ್ತದೋ ಅಲ್ಲಿಂದ ಷಡ್ಜ. ಪಿಯಾನೋದಲ್ಲಾದರೆ ಒಂದು ಮನೆಗೆ ಒಂದೇ ಹೆಸರು. ನಮ್ಮಲ್ಲಿ 'ಸ' ಎಲ್ಲಿ ಬೇಕಾದರೂ ಕೂರುತ್ತದೆ. ಅದೇ ಬೆರಳು, ಅದೇ ಮನೆ, ಇವತ್ತು ಗಾಂಧಾರ, ನಾಳೆ ಪಂಚಮ! ಶ್ರಾವಣದ ಭಜನೆ, ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರ ಪದ, ತತ್ವಪದ, ಕಂಪನಿ ನಾಟಕದ ರಂಗಗೀತೆ, ಹೆಣ್ಣು ನೋಡಲು ಬಂದವರ ಮುಂದೆ ಹಾಡಬೇಕಾದ ಒಂದು ದೇವರ ನಾಮ, ಎಲ್ಲಕ್ಕೂ ಅದೇ ಪೆಟ್ಟಿಗೆ.

ಇಷ್ಟೆಲ್ಲ ಮಾಡಿದ ವಾದ್ಯವನ್ನು ಸರ್ಕಾರಿ ರೇಡಿಯೋ ವಾದ್ಯವೇ ಅಲ್ಲ ಅಂದುಬಿಟ್ಟಿತ್ತು ಅಂದರೆ ನಂಬುತ್ತೀರಾ? 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ. ರೇಡಿಯೋ ಮುಖ್ಯಸ್ಥನಾಗಿದ್ದ ಲಯನೆಲ್ ಫೀಲ್ಡನ್‌ಗೂ ಅದು ಬೇಡ, ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್‌ಗೂ ಬೇಡವಾಗಿತ್ತು. ರವೀಂದ್ರನಾಥ ಠಾಕೂರರು ಕೂಡ ಅದೇ ವರ್ಷದ ಜನವರಿಯಲ್ಲಿ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದು, ನಮ್ಮ ಆಶ್ರಮದಿಂದ ಅದನ್ನು ಯಾವಾಗಲೋ ಹೊರಗಟ್ಟಿದ್ದೇವೆ ಎಂಬರ್ಥದ ಮಾತು ಹೇಳಿದ್ದರು. ಕೈ ಹಾರ್ಮೋನಿಯಂ ಹುಟ್ಟಿದ ಊರಿನವರೇ! ಆಕ್ಷೇಪಣೆ ಸುಳ್ಳೇನಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ, ಹನ್ನೆರಡು ಸ್ವರವನ್ನೂ ಪಿಯಾನೋದಂತೆ ಸಮ ಅಳತೆಗೆ ಕತ್ತರಿಸಿ ಇಟ್ಟಿರುತ್ತದೆ. ಆದರೆ ತಂಬೂರಿ ಶ್ರುತಿ ಮಾಡುವವರು, ಸಾರಂಗಿಯವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದರು? ಇದನ್ನು ದಿಲ್ಲಿಯಲ್ಲಿ ಯಾರೂ ಕೇಳಲಿಲ್ಲ ಅನಿಸುತ್ತದೆ.

1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ನಿಷೇಧ ಇತ್ತು. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917-2010) ಅವರಂಥ ದೊಡ್ಡ ಹಾರ್ಮೋನಿಯಂ ವಾದಕರ ಹರೆಯದ ವರ್ಷಗಳೆಲ್ಲ ಈ ನಿಷೇಧದ ಕಾಲವೇ. 1971ರಲ್ಲಿ ಸಡಿಲಾಯಿತು, ಅದೂ ಪಕ್ಕವಾದ್ಯವಾಗಿ. ಮೂವತ್ತೊಂದು ವರ್ಷ! ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಪೇಟಿಯವರು ತಮ್ಮ ನುಡಿತವನ್ನು ಎಲ್ಲೂ ದಾಖಲಿಸದೆ ಹೋಗಿಬಿಟ್ಟರು. ಕಂಪನಿ ಮಾಸ್ತರರು ಹೇಗೆ ನುಡಿಸುತ್ತಿದ್ದರು ಅಂತ ಕೇಳಿ ತಿಳಿಯಲು ಈಗ ನಮಗೆ ಉಳಿದಿರುವುದು ಬಹಳ ಕಡಿಮೆ. ಕೆಲವು ಗ್ರಾಮಫೋನ್ ತಟ್ಟೆ, ಉಳಿದಂತೆ ಅಟ್ಟದ ಮೇಲಿನ ಪೆಟ್ಟಿಗೆಗಳೇ. ಅದಕ್ಕೇ ಅವು ಗುಜರಿಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಹೋಗುತ್ತಿರುವುದಂತೂ ನಿಜ. ಕ್ಯಾಸಿಯೋ ಕಂಪನಿ 1980ರಲ್ಲಿ ಮೊದಲ ಕೀಬೋರ್ಡ್ ತಂದಿತು. ಆಮೇಲಾಮೇಲೆ ಯಾವ ಕಂಪನಿಯದಾದರೂ ಸರಿ, ನಮ್ಮಲ್ಲಿ ಅದು 'ಕ್ಯಾಶಿಯೋ'. ಜಾತ್ರೆ ನಾಟಕಕ್ಕೂ ಅದೇ, ಕ್ಯಾಂಪುಗಳ ಚರ್ಚಿಗೂ ಅದೇ, ಆರ್ಕೆಸ್ಟ್ರಾಕ್ಕೂ ಅದೇ. ಒಂದು ಗುಂಡಿ ಒತ್ತಿದರೆ ಪಿಯಾನೋ, ಇನ್ನೊಂದು ಒತ್ತಿದರೆ ಹಾರ್ಮೋನಿಯಂ. ಅಂತೂ ಪಿಯಾನೋ ಸಿಂಧನೂರಿಗೆ ಬಂದದ್ದು ಹೀಗೆ, ಗುಂಡಿಯಾಗಿ.

ನಮ್ಮ ಮನೆಯ ಪೇಟಿ ಮುತ್ಯಾ ತಂದದ್ದು. ಲಿಂಗಸುಗೂರಿನಲ್ಲಿ ಕ್ಯಾಂಪ್ ಹಾಕಿದ್ದ ಒಂದು ಕಂಪನಿ ಸಾಲಕ್ಕೆ ಸಿಕ್ಕಿ ಪರದೆ, ಪೆಟ್ಟಿಗೆ ಎಲ್ಲ ಮಾರಿ ಹೋಯಿತಂತೆ. ಅವಾಗ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದರಂತೆ. 'ಎತ್ತು ತರ್ತೀನಿ ಅಂತ ಹೋಗಿ ಇದನ್ನ ತಂದ್ರು' ಅಂತ ಅಮ್ಮ ಕೊನೇತನಕ ಆಡಿಕೊಂಡರು. ಮುತ್ಯಾ ಹೋದ ಮೇಲೆ ಅದು ಅಟ್ಟ ಸೇರಿತು.

ಎರಡು ವರ್ಷದ ಹಿಂದೆ ಇಳಿಸಿದೆ. ತಿದಿಯ ಬಟ್ಟೆ ಇಲಿ ಪಾಲು, ಹಿಂದಿನ ಹಲಗೆ ಗೆದ್ದಲ ಪಾಲು. ದೊಡ್ಡ ಊರಿನ ರಿಪೇರಿ ಅಂಗಡಿಗೆ ಒಯ್ದರೆ 'ಹಳೇ ರೀಡು ತೆಗೆದು ಎಲ್ಲ ಹೊಸದು ಹಾಕ್ತೀವಿ, ಪಾಲಿಶ್ ಹೊಡೀತೀವಿ, ಫಳಫಳ ಅಂತದೆ' ಅಂದರು. ಫಳಫಳ ನನಗೆ ಬೇಕಾಗಿರಲಿಲ್ಲ. ರೀಡಿನ ಮೇಲೆ ಪ್ಯಾರಿಸ್ ಎಂಬ ಮುದ್ರೆ ಇದೆ. ಸ್ವಾತಂತ್ರ್ಯಕ್ಕೆ ಮುಂಚೆ ಫ್ರಾನ್ಸ್, ಜರ್ಮನಿಯಿಂದ ರೀಡು ಬರುತ್ತಿತ್ತು. ಆಮದು ನಿಂತ ಮೇಲೆ ಗುಜರಾತಿನ ಪಾಲಿತಾಣ ರೀಡಿನ ಊರಾಯಿತು. ಅದೇನು ಕಳಪೆಯಲ್ಲ. ಆದರೆ ಕಂಪನಿ ಥೇಟರಿನ ದನಿ ಕೇಳಬೇಕಾದರೆ ಆ ಹಳೇ ಹಿತ್ತಾಳೆಯೇ ಬೇಕು.

ಹಾಗಾಗಿ ಮನೆಯಲ್ಲೇ ಶುರುಮಾಡಿದೆ. ನಿಮ್ಮಲ್ಲಿ ಯಾರಾದರೂ ಕೈ ಹಾಕುವುದಿದ್ದರೆ ಹೇಳ್ತೀನಿ, ಮೊದಲು ರೀಡು ಮುಟ್ಟಬೇಡಿ, ಗಾಳಿ ನೋಡಿ. ಯಾವ ಮನೆಯನ್ನೂ ಒತ್ತದೆ ತಿದಿ ತುಂಬಿಸಿ, ಕಿವಿ ಇಟ್ಟು ಕೇಳಿ. ಬುಸ್ ಅನ್ನುವ ಕಡೆಯಲ್ಲಿ ಬಿರುಕಿದೆ. ನಮ್ಮ ಬಡಿಗೇರ ಕಾಕಾ ಹೊಸ ಹಲಗೆ ಕೂರಿಸಿಕೊಟ್ಟರು, ತಿದಿಗೆ ತೆಳು ಆಡಿನ ಚರ್ಮ, ಮರವಜ್ರದ ಅಂಟು. ಫೆವಿಕಾಲ್ ಹಾಕಿದರೆ ಮುಂದೆ ಬಿಚ್ಚುವವನು ನಿಮ್ಮನ್ನು ಬೈಯುತ್ತಾನೆ. ಮರವಜ್ರ ಬಿಸಿ ತಾಗಿದರೆ ಬಿಡುತ್ತದೆ. ಗಾಳಿ ನಿಂತ ಮೇಲೆ ರೀಡು. ಎಷ್ಟೋ ಸಲ ಸ್ವರ ಹೋಗಿರುವುದಿಲ್ಲ, ದೂಳು ಸಿಕ್ಕಿಕೊಂಡಿರುತ್ತದೆ, ತೆಳು ಕಾಗದ ಆಡಿಸಿದರೆ ಸಾಕು. ಶ್ರುತಿ ತಪ್ಪಿದ್ದರೆ, ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಕೆರೆದು ಒಮ್ಮೆ ಕೇಳಬೇಕು. ಹೆಚ್ಚು ಕೆರೆದರೆ ರೀಡು ಮುರಿಯುತ್ತದೆ, ಅಂಥದ್ದು ಮತ್ತೆ ಸಿಗುವುದಿಲ್ಲ.

ಆರು ರೀಡು ಮುರಿದೇ ಇದ್ದವು. ಅವಕ್ಕೇನು ಮಾಡೋದು ಅಂತ ಹುಡುಕುತ್ತಿದ್ದಾಗ ಸಿಕ್ಕಿದ್ದು ಎಲ್ಲಿ ಗೊತ್ತೇ? ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ. ನಿಮಗೆ ಗೊತ್ತಿಲ್ಲದಿದ್ದರೆ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ 1970ರ ಹೊತ್ತಿಗೆ ನೆಲೆ ಕೊಟ್ಟ ಕ್ಯಾಂಪುಗಳಿವು. ಅಲ್ಲಿ ದುರ್ಗಾಪೂಜೆ ಆಗುತ್ತದೆ, ಕೀರ್ತನೆ ಆಗುತ್ತದೆ. ನಾಟಕದವರ ಜೊತೆ ಪುಣೆ, ಗದಗ ಸುತ್ತಿ ನಮ್ಮೂರಿಗೆ ಬಂದಿದ್ದ ಕಲ್ಕತ್ತಾದ ಪೆಟ್ಟಿಗೆ ಇವರ ಜೊತೆ ಇನ್ನೊಮ್ಮೆ ನೇರವಾಗಿ ಬಂದಿದೆ! ಕೀರ್ತನೆಗೆ ನುಡಿಸುವ ಒಬ್ಬ ಅಜ್ಜ ನನ್ನ ರೀಡನ್ನು ತುಟಿಗಿಟ್ಟು ಊದಿ ನೋಡಿದರು.

'ಒಳ್ಳೇದಿದೆ ತಮ್ಮ. ಎಲ್ಲಿದು?'

'ನಾಟಕ ಕಂಪನಿದು ಅಜ್ಜಾ.'

ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಬಿಚ್ಚಿಟ್ಟ ಹಳೇ ರೀಡು. ಒಂದೊಂದೇ ಊದುತ್ತಾ ಐದು ಆರಿಸಿ ಕೊಟ್ಟರು, ದುಡ್ಡು ಬೇಡ ಅಂದರು. ಐದೂ ಕೂತಿವೆ. ಈಗ ಮಂದ್ರದ ನಿಷಾದ ಒಂದು ಬಾಕಿ. ನಿಮ್ಮ ಮನೆ ಅಟ್ಟದಲ್ಲಿ ಪ್ಯಾರಿಸ್ ಮುದ್ರೆಯ ರೀಡು ಯಾವುದಾದರೂ ಬಿದ್ದಿದ್ದರೆ, ದಯವಿಟ್ಟು ಗುಜರಿಯವನಿಗೆ ಕೊಡುವ ಮುಂಚೆ ನನಗೊಂದು ಮಾತು ತಿಳಿಸಿ.